ಕೊನೆಯ ಬೆಂಚಿಗೆ ಮುಟ್ಟದ ಧ್ವನಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗುರುವೃಂದದವರೇ, ಈ ವರ್ಷದ ಅತ್ಯುತ್ತಮ ಪ್ರಶಿಕ್ಷಣಾರ್ಥಿಯೆಂಬ ಫಲಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವ ನಮ್ಮ ಕಂಡಕ್ಟರಮ್ಮನವರೇ, ಊಟದ ವಾಸನೆ ಬಂದ ಮೇಲೂ ಎದ್ದುಹೋಗದ ಸಹನಾಶೀಲ ಸಭಿಕರೇ,

ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್. ನಲವತ್ತು ವರ್ಷದ ಹಿಂದೆ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಉಳಿದಿರುವುದು ಇಷ್ಟೇ. ರಜೆ ಅರ್ಜಿಗೆ ಸಾಕು, ಭಾಷಣಕ್ಕೆ ಸಾಲದು.

ಸನ್ಮಾನಿತರ ಬಗ್ಗೆ ಎರಡು ಮಾತಾಡಲು ನನ್ನನ್ನೇ ಏಕೆ ಕರೆದರು? ಎಂಟು ತಿಂಗಳು ಅವರ ಪಕ್ಕದಲ್ಲೇ ಕೂತವನು ನಾನು ಎಂದು. ಏಕೆ ಕೂತೆ ಎಂದು ಯಾರೂ ಕೇಳಲಿಲ್ಲ. ನಾನೇ ಹೇಳಿಬಿಡುತ್ತೇನೆ.

ಮೂವತ್ತೊಂದು ವರ್ಷ ನಾನು ಅಳತೆ-ತೂಕದ ಇಲಾಖೆಯಲ್ಲಿದ್ದೆ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡುವುದು, ತೂಕದ ಬಟ್ಟು ನೋಡುವುದು, ಸರಿಯಿದ್ದರೆ ಮುದ್ರೆ ಒತ್ತುವುದು. ನನ್ನನ್ನು ಕಂಡರೆ ಅಂಗಡಿಯವರು ನಗುತ್ತಿದ್ದರು, ಹಲ್ಲಿನಲ್ಲಿ ಮಾತ್ರ. ನನ್ನ ಮನೆಯಾಕೆ ಶಾಲಾ ಶಿಕ್ಷಕಿ. ಅವಳ ಜತೆ ರಸ್ತೆಗಿಳಿದರೆ ನೂರು ಹೆಜ್ಜೆಗೊಬ್ಬರು "ಟೀಚರ್" ಎಂದು ನಿಲ್ಲಿಸೋರು. ಮೀಸೆ ಬಂದವರು, ಮಗು ಎತ್ತಿಕೊಂಡವರು. ಒಮ್ಮೆ ಹಲ್ಲಿನ ಡಾಕ್ಟರೊಬ್ಬ ನನ್ನ ಬಾಯಿ ತೆರೆಸಿಟ್ಟು ಅವಳ ಜತೆ ಅರ್ಧ ಗಂಟೆ ಮಾತಾಡಿದ. ನಾನು ಯಾವಾಗಲೂ ತರಕಾರಿ ಚೀಲ ಹಿಡಿದು ನಿಲ್ಲುವವನು. ಹೊಟ್ಟೆ ಉರಿಯುತ್ತಿತ್ತು ಸ್ವಾಮಿ. ಹೆಂಡತಿಯ ಮೇಲೆ ಹೊಟ್ಟೆಕಿಚ್ಚೇ ಎಂದರೆ, ಹೌದು. ಹೊರಗಿನವರ ಮೇಲಾದರೆ ಮನೆಗೆ ಬಂದು ಬಾಗಿಲು ಹಾಕಿಕೊಳ್ಳಬಹುದು. ಮನೆಯೊಳಗಿನವರ ಮೇಲಾದರೆ ಎಲ್ಲಿಗೆ ಹೋಗುವುದು?

ಅವಳು ತೀರಿಹೋಗಿ ನಾಲ್ಕು ವರ್ಷವಾಯಿತು. ನಿವೃತ್ತಿಯಾದ ಮರುದಿನವೇ ನಾನು ಈ ವಿಶ್ವವಿದ್ಯಾಲಯದ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಸಮಾಜಸೇವೆ ಎಂದೆ. ನಿಜ ಏನೆಂದರೆ, ಸಾಯುವುದರೊಳಗೆ ಒಬ್ಬರಾದರೂ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿ "ಮೇಷ್ಟ್ರೇ" ಅನ್ನಬೇಕಿತ್ತು.

ಅಭ್ಯಾಸ ಪಾಠ ಶುರುವಾಯಿತು. ನನ್ನ ಪಾಠ ಕೇಳಿದ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: ಬೆಲ್ ಕೆಟ್ಟಿದೆಯಾ ಎಂದು. ಮುಂದಿನ ಪಾಠ ಕಂಡಕ್ಟರಮ್ಮನದು. ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಕೊಟ್ಟವರು, ಭಿನ್ನರಾಶಿಗೆ ಇಡೀ ತರಗತಿಯನ್ನೇ ಬಸ್ಸು ಮಾಡಿ ಅರ್ಧ ಟಿಕೆಟ್, ಕಾಲು ಟಿಕೆಟ್ ಹರಿದು ಹಂಚಿದರು. ಬೆಲ್ ಹೊಡೆದರೂ ಮಕ್ಕಳು ಇಳಿಯಲಿಲ್ಲ.

ಒಬ್ಬರ ಪಾಠವನ್ನು ಇನ್ನೊಬ್ಬರು ಕೊನೆಯ ಬೆಂಚಿನಲ್ಲಿ ಕೂತು ನೋಡಿ, ವೀಕ್ಷಣಾ ಪುಸ್ತಕದಲ್ಲಿ ಒಂದಾದರೂ ದೋಷ ಬರೆಯಬೇಕು ಎಂಬುದು ನಮ್ಮ ವಿಭಾಗದ ಪದ್ಧತಿ. ಅವತ್ತು ಬರೆಯುವ ಸರದಿ ನನ್ನದು. ಹುಡುಕಿದೆ, ಸಿಗಲಿಲ್ಲ. "ಧ್ವನಿ ಕೊನೆಯ ಬೆಂಚಿಗೆ ಮುಟ್ಟುವುದಿಲ್ಲ" ಎಂದು ಬರೆದೆ. ಡೀಸೆಲ್ ಎಂಜಿನ್ನನ್ನು ಮೀರಿಸಿ ಕೂಗಿದ ಗಂಟಲಿಗೆ ಈ ಮಾತು.

ಅವರಿಗೆ ಎರಡು ಅಂಕ ಹೋಯಿತು. ಮರುದಿನ ಜಗಳಕ್ಕೆ ಬರುತ್ತಾರೆಂದು ಉತ್ತರ ಸಿದ್ಧಮಾಡಿಕೊಂಡು ಕೂತಿದ್ದೆ. ಬಂದವರು ನನ್ನ ಪಕ್ಕದಲ್ಲೇ ಕೂತರು. ಬಲಗಿವಿಯ ಹತ್ತಿರ ಬಾಗಿ, ಇಡೀ ತರಗತಿಗೆ ಕೇಳುವಂತೆ, "ಮೊದಲೇ ಹೇಳಬಾರದಿತ್ತಾ ಅಣ್ಣಾ? ಕಿವಿ ಮಂದ ಆಗೋದು ನಾಚಿಕೆ ವಿಷಯಾನಾ?" ಎಂದರು.

ಕಿವಿ ಚೆನ್ನಾಗಿದೆ ಎಂದರೆ ಮನಸ್ಸು ಕೆಟ್ಟಿದೆ ಎಂದು ಒಪ್ಪಿಕೊಂಡಂತೆ. ಕಿವಿಗೆ ಕೈ ಆನಿಸಿ "ಆಂ?" ಎಂದೆ.

ಅಂದಿನಿಂದ ಎಂಟು ತಿಂಗಳು ನಾನು ಕಿವುಡ. ಅಧ್ಯಾಪಕರು ಹೇಳಿದ್ದನ್ನೆಲ್ಲ ಕಂಡಕ್ಟರಮ್ಮ ದಿನಾ ಬರೆದುಕೊಟ್ಟರು. ನಾನು ಪಾಸಾದದ್ದು ಆ ಟಿಪ್ಪಣಿಗಳಿಂದ. ಅಧ್ಯಕ್ಷರೇ, ತಾವೂ ಈಗ ಸ್ವಾಗತಿಸುವಾಗ ನನ್ನ ಕಿವಿಯಲ್ಲೇ ಕೂಗಿದಿರಿ. ಇನ್ನೂ ಗುಂಯ್ ಅನ್ನುತ್ತಿದೆ.

ಕಿವುಡನ ಎದುರು ಜನ ಏನು ಬೇಕಾದರೂ ಮಾತಾಡುತ್ತಾರೆ. ಕಳೆದ ತಿಂಗಳು ಕ್ಯಾಂಟೀನಿನಲ್ಲಿ ನನ್ನ ಮಗ್ಗುಲಲ್ಲೇ ಕೂತು ಕಂಡಕ್ಟರಮ್ಮ ಗೆಳತಿಗೆ ಹೇಳಿದರು: "ಇವರ ಮನೆಯವರೇ ಕಣೇ ನನಗೆ ಏಳನೇ ಕ್ಲಾಸಲ್ಲಿ ಲೆಕ್ಕ ಹೇಳಿಕೊಟ್ಟಿದ್ದು. ಯಾರಾದ್ರೂ ಸುಳ್ಳು ಹೇಳಿದ್ರೆ, 'ನಮ್ಮ ಯಜಮಾನರನ್ನ ನೋಡಿ ಕಲೀರಿ, ಸಾಸಿವೆ ಕಾಳಿನಷ್ಟೂ ತೂಕ ತಪ್ಪೋದಿಲ್ಲ' ಅನ್ನೋರು. ಅಂಥವರು ಕೇಳಿಸಲಿಲ್ಲ ಅಂತ ಬರೆದ್ರೆ ಕಿವೀನೇ ಮಂದ ಇರಬೇಕು, ಅಲ್ವಾ?"

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ಎದುರು ಒಮ್ಮೆಯೂ ಆಡದ ಮಾತು. ಹೆಂಡತಿ ನನ್ನವಳು, ಅವಳು ನನ್ನ ಬಗ್ಗೆ ಆಡಿದ ಮಾತು ಮಾತ್ರ ಕಂಡಕ್ಟರಮ್ಮನ ಹತ್ತಿರ. ಇದು ಯಾವ ನ್ಯಾಯ? ಇನ್ನೇನು ಹೇಳೋಳು ಎಂದು ಕೇಳಲು ಬಾಯಿ ತೆರೆದೆ. ಕಿವುಡ ಹೇಗೆ ಕೇಳುವುದು? ಮುಚ್ಚಿದೆ.

ನಮ್ಮ ಇಲಾಖೆಯಲ್ಲಿ ಸುಳ್ಳು ತಕ್ಕಡಿ ಸಿಕ್ಕರೆ ಅದರ ಮುದ್ರೆಯನ್ನು ನಾನು ಅಂಗಡಿಯ ಒಳಗೆ ಅಳಿಸಿದವನಲ್ಲ, ಬಾಗಿಲಲ್ಲಿ ನಾಲ್ಕು ಜನರ ಎದುರು ಅಳಿಸಿದವನು. ಅದಕ್ಕೇ ಇಲ್ಲಿ ಹೇಳಿದೆ. ವೀಕ್ಷಣಾ ಪುಸ್ತಕದ ಆ ಸಾಲನ್ನು ಹೊಡೆದುಹಾಕಿ, ಅವರ ಎರಡು ಅಂಕ ಅವರಿಗೆ ಕೊಡಿಸಬೇಕೆಂದು ಅಧ್ಯಕ್ಷರಲ್ಲಿ ಪ್ರಾರ್ಥನೆ. ದಿ ಸೇಮ್ ಮೇ ಕೈಂಡ್ಲಿ ಬಿ ಎಕ್ಸ್‌ಕ್ಯೂಸ್ಡ್.

ಕಂಡಕ್ಟರಮ್ಮನವರೇ, ಅಲ್ಲ, ತಂಗೀ, ನಿಮ್ಮ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚಿದೆ. ಈ ಫಲಕಕ್ಕಲ್ಲ, ಆ ಏಳನೇ ಕ್ಲಾಸಿಗೆ. ಊಟಕ್ಕೆ ನನ್ನ ಪಕ್ಕದಲ್ಲೇ ಕೂರಿ. ಅವಳು ಇನ್ನೇನೇನು ಹೇಳುತ್ತಿದ್ದಳು, ನೆನಪಿರುವಷ್ಟೂ ಹೇಳಿ. ಮೆಲ್ಲಗೆ ಹೇಳಿದರೂ ಸಾಕು, ಕೇಳಿಸುತ್ತದೆ.

ಇಷ್ಟು ಹೊತ್ತು ಕಿವಿಗೊಟ್ಟ ತಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.