ಒತ್ತಿದರೆ ತೆರೆಯದ ಫೋಟೋ

ಮೂಡುಬಿದಿರೆಯಿಂದ ಹೊರಟ ಬಸ್ಸಿನಲ್ಲಿ ಶ್ರೀಮತಿ ಟೀಚರಿಗೆ ಇನ್ನೇನು ತೂಕಡಿಕೆ ಬರಬೇಕು, ಮುಂದಿನ ಸೀಟಿನ ಹುಡುಗಿಯರ ಮಾತು ಕಿವಿಗೆ ಬಿತ್ತು.

"ದೀಕ್ಷಾ, ನಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ಅಣ್ಣನ ಮಗುವಿನ ಫೋಟೋ ಸಣ್ಣದಾಗಿ ಕಾಣ್ತದೆ. ಒತ್ತಿದರೆ ಫೈಲೇ ಇಲ್ಲ ಅಂತ ಬರ್ತದೆ."

"ನೀನು ಕಾಪಿ ಮಾಡಿದ್ದಾ ಶಮ್ನಾ, ಬರೀ ಲಿಂಕಾ?"

"ಲಿಂಕೇ ಇರಬೇಕು. ಫೋಟೋ ಇದ್ದ ಪೆನ್‌ಡ್ರೈವ್ ಅಣ್ಣನ ಒಟ್ಟಿಗೆ ದುಬೈಗೆ ಹೋಯ್ತು."

"ಹಾಗಾದರೆ ಅದರಲ್ಲಿ ಫೋಟೋ ಇಲ್ಲ ಮಾರಾಯ್ತಿ, ಐಕಾನ್ ಮಾತ್ರ ಉಳಿದದ್ದು. ಡಿಲೀಟ್ ಮಾಡು."

"ಆ ಸಣ್ಣ ಮುಖವೂ ಹೋಗ್ತದಾ?"

"ಹೋಗ್ತದೆ."

ಶಮ್ನಾ ತಲೆ ಅಲ್ಲಾಡಿಸಿದಳು.

"ಬೇಡ. ಉಮ್ಮ ಮೊಮ್ಮಗಳನ್ನು ಇನ್ನೂ ಕಂಡದ್ದಿಲ್ಲ. ದಿನಾ ಕನ್ನಡಕ ಹಾಕಿ ಅದರ ಎದುರು ಕೂತುಕೊಳ್ತಾರೆ. ದೊಡ್ಡದು ಮಾಡು ಅಂದರೆ, ಮಗು ಮಲಗಿದೆ ಅಂತ ಹೇಳ್ತೇನೆ."

ಬೆಳುವಾಯಿಯಲ್ಲಿ ಬಸ್ ನಿಂತಿತು. ಇಳಿಯುತ್ತಾ ದೀಕ್ಷಾ ಮೆಲ್ಲನೆ ಹೇಳಿದಳು:

"ಹಾಗಾದರೆ ಎಬ್ಬಿಸುವುದು ಬೇಡ."