ಶಿಫಾರಸು ಬೇಡದ ಅರ್ಜಿ

ಹಾರೋಹಳ್ಳಿ ಬಸ್ ನಿಲ್ದಾಣದಲ್ಲಿ ಮಗುವಿಗೆ ಬಾಳೆಹಣ್ಣು ಸುಲಿಯುತ್ತಿದ್ದ ಲತಾಮಣಿಯ ಕೈ, ಪಕ್ಕದಲ್ಲಿ ಕುಳಿತಿದ್ದ ಯಾರೋ ಅಪ್ಪ-ಮಗಳ ಮಾತು ಕೇಳಿ ಹಾಗೇ ನಿಂತಿತು.

“ಸ್ಕಾಲರ್‌ಶಿಪ್ ಸಿಗ್ದಿದ್ರೆ ಲಾ ಕಾಲೇಜು ಇಲ್ಲ ಕಣವ್ವ. ಲೀಡರ್ ಹತ್ರ ಈಸ್ಕೊಂಡು ಬಂದಿರೋ ಕಾಗದಾನೂ ಅರ್ಜಿ ಜೊತೆ ಇಡು.”

“ಶಿಫಾರಸು ಇಟ್ರೆ ಅರ್ಜಿನೇ ತಗಳಲ್ವಂತೆ ಕಣಪ್ಪ. ಮಾರ್ಕ್ಸ್ ಕಾರ್ಡು, ಆದಾಯದ ಸರ್ಟಿಫಿಕೇಟು, ನಾನೇ ಬರೆದ ಒಂದು ಪುಟ, ಅಷ್ಟೇ.”

“ದುಡ್ಡು ಕೊಡೋರು ನಮ್ಮ ಜನವಾ?”

“ಯಾರೋ ರಿಟೈರ್ಡ್ ಮೇಡಮ್ಮು. ಜಾತಿನೇ ಕೇಳಿಲ್ಲ.”

“ಮೊಕಾನೂ ನೋಡ್ದೆ ಐದು ವರ್ಸ ಓದುಸ್ತಾರಾ! ಆ ಪುಟದಾಗೆ ಏನು ಬರ್ದೆ?”

“ಫ್ಯಾಕ್ಟ್ರಿಗೆ ಹೊಲ ಬುಡಿ ಅಂತ ನೋಟೀಸ್ ಬಂದಾಗ ಊರಲ್ಲಿ ಯಾರ್ಗೂ ಅದು ಅರ್ಥ ಆಗ್ಲಿಲ್ಲ, ಅದ್ಕೇ ಲಾ ಓದ್ಬೇಕು ಅಂತ.”

ಕನಕಪುರದ ಬಸ್ಸು ಬಂದಾಗ ಅಪ್ಪ ನೂಕುನುಗ್ಗಲಿಗೆ ಭುಜ ಕೊಟ್ಟು ಕೂಗಿದ:

“ಒಸಿ ದಾರಿ ಬುಡ್ರಪ್ಪೋ, ನಮ್ಮ ಲಾಯರಮ್ಮ ಹತ್ಲಿ!”