ಯಾರದೂ ಅಲ್ಲದ ಕೈ

...ಅಲ್ಲಾ ಕಣೇ ಅಕ್ಕಯಮ್ಮಾ, ಹೊಸ ಬೋರ್ಡು ನೋಡಿದ್ದೇ ತಡ, ಹಿಟ್ಟಿನ ಕೋಲು, ಪಾತ್ರೆ ಅದುಮೋ ಕವೆಗೋಲು ಎರಡ್ನೂ ಮೂಲೆಗೆ ಒರಗ್ಸಿ ಹಿಂಗೆ ಕೂತ್ಬುಟ್ರೆ ಹೆಂಗೆ? ಎಸ್ರು ಕುದ್ದು ಕುದ್ದು ಅರ್ಧ ಆಗೋಯ್ತು! ಹನ್ನೆರಡೂವರೆಗೆ ಫ್ಯಾಕ್ಟ್ರಿಯೋರು ಬಂದ್ಬುಡ್ತಾರೆ. ಏನ್ ಹೇಳ್ಲಿ ಅವ್ರಿಗೆ? 'ನಮ್ಮನೆಯೋಳು ಬೋರ್ಡ್ ಮೇಲೆ ಮುನಿಸ್ಕೊಂಡವ್ಳೆ, ಇವತ್ತು ಮುದ್ದೆ ಇಲ್ಲ, ಬರೀ ಸೊಪ್ಪಿನ ಸಾರು ಕುಡ್ಕೊಂಡು ಹೋಗ್ರಪ್ಪಾ' ಅನ್ಲಾ?

ಇಲ್ಲಾ, ನಾನೇ ಹಿಟ್ಟು ತೊಳಸ್ಲಾ? ...ಯಾಕೆ ನಗ್ತೀಯಾ? ಸೆರಗು ಬಾಯಿಗಿಟ್ಕೊಂಡ್ರೆ ಕಾಣಲ್ಲ ಅಂದ್ಕೊಂಡ್ಯಾ? ಗೊತ್ತು, ಗೊತ್ತು. ಒಂದ್ಸಲ ನಾನು ತೊಳಸಿದ್ದಕ್ಕೆ ಆ ಫ್ಯಾಕ್ಟ್ರಿ ಚಿನ್ನಸ್ವಾಮಿ 'ನಾರಾಯಣಪ್ಪಣ್ಣಾ, ಗಂಟು ಬೇರೆ ಬಡಿಸು, ಮುದ್ದೆ ಬೇರೆ ಬಡಿಸು' ಅಂದಿದ್ದ. ಅವತ್ತು ನಿಂಗೆ ಜ್ವರ ಇತ್ತಲ್ಲ, ಅದಕ್ಕೆ. ಇಲ್ದಿದ್ರೆ ಒಲೆ ಹತ್ರ ನನ್ನ ಎಲ್ಲಿ ಸೇರಿಸ್ತೀಯಾ ನೀನು!

ಸರಿ, ಬೋರ್ಡಿನ ಕತೆ ಹೇಳ್ಬುಡ್ತೀನಿ. ಹಳೇದು ಮಾಸೋಗಿತ್ತು. ...ಅಂಗ್ ನೋಡ್ಬೇಡ. ರಮ್ಯ ಫೋಟೋ ತೆಗ್ದು ಹಾಕ್ಸಿ ಇನ್ನೂ ವರ್ಷ ತುಂಬಿಲ್ಲ, ನಂಗೂ ಗೊತ್ತು. ಬಿಸ್ಲು ಕಣೇ... ಧೂಳು... ಮಗಳು ತೆಗ್ದಿದ್ದು ಚೆನ್ನಾಗೇ ಇತ್ತು, ಯಾರು ಇಲ್ಲ ಅಂದ್ರು? ಆದ್ರೆ ಅದ್ರಲ್ಲಿ ಬರೀ ಹೊಗೆ. ಸವೆದೋಗಿರೋ ಮಣೆ. ಈಗೆಲ್ಲಾ ಹೊಸೂರಲ್ಲಿ ಯಾವ ಓಟ್ಲು ಬೋರ್ಡ್ ನೋಡಿದ್ರೂ ಮಿರಮಿರ ಅಂತೈತೆ. ಬೋರ್ಡಂಗಡಿ ಭೈರೇಶ ಹೇಳ್ದ, 'ಫೋಟೋ ಯಾಕಣ್ಣಾ? ಎಐ ಐತೆ. ಬಾಯಲ್ಲಿ ಹೇಳಿದ್ರೆ ಸಾಕು, ಅದೇ ಚಿತ್ರ ಬರ್ಕೊಡ್ತೈತೆ' ಅಂತ.

ಇಲ್ಲಿ ಕೇಳು, ತಮಾಷೆ ಇರೋದು ಇಲ್ಲೇಯಾ. ಅದಕ್ಕೆ ಮುದ್ದೆ ಅಂದ್ರೆ ಅರ್ಥ ಆಗ್ಲಿಲ್ಲ. ತಮಿಳಲ್ಲಿ ಕೇಳಾನ ಅಂತ 'ರಾಗಿ ಕಳಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ. ಬಂದ್ಬುಟ್ಳಲ್ಲಾ ತಾಯಿ! ಸಾಕ್ಷಾತ್ ಕಾಳಿ! ಇಷ್ಟುದ್ದ ನಾಲಿಗೆ ಚಾಚ್ಕೊಂಡು, ಎಂಟು ಕೈಯಲ್ಲೂ ರಾಗಿ ತೆನೆ ಹಿಡ್ಕೊಂಡು! ನಾನು ಅಂಗಡಿ ಒಳಗೇ ಚಪ್ಪಲಿ ಬಿಟ್ಟು ಕೈ ಮುಗ್ದುಬುಟ್ಟೆ...

ಹಾ! ನಕ್ಕೆ! ನಕ್ಕೆ ತಾನೆ? ಏಳು ಮತ್ತೆ. ...ಏಳಲ್ವಾ?

ಆಮೇಲೆ ಅವ್ನು ಏನೇನೋ ಒತ್ತಿ ಇದನ್ನ ತೆಗ್ದ. ನೋಡು, ಎಷ್ಟು ನುಣ್ಣಗೈತೆ! ಪಕ್ಕದಲ್ಲಿ ಮುಳ್ಳುಚಮಚ ಯಾಕೆ ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ. ಮುದ್ದೆ ಚುಚ್ಕೊಂಡು ತಿಂತಾರಾ ಯಾರಾದ್ರೂ? ಬೆಳಿಗ್ಗೆ ಚಿನ್ನಸ್ವಾಮಿ ನೋಡಿ 'ಏನಣ್ಣಾ, ಜಾಮೂನು ಶುರು ಮಾಡಿದ್ಯಾ?' ಅಂದ. ಅವನಿಗೇನ್ ಗೊತ್ತು, ಬಿಡು.

ಏನು? ಮುದ್ದೆ ಹಿಡ್ದಿರೋ ಆ ಕೈ ಯಾರದ್ದು ಅಂತ ನೋಡ್ತಿದ್ದೀಯಾ? ಅಯ್ಯೋ ಹುಚ್ಚೀ! ಅದು ಯಾರ ಕೈನೂ ಅಲ್ಲ ಕಣೇ! ಆ ಕೈಯೋಳು ಇನ್ನೂ ಹುಟ್ಟೇ ಇಲ್ಲ. ಉಗುರಿಗೆ ಬಣ್ಣ ಬಳ್ಕೊಂಡು ಮುದ್ದೆ ಕಟ್ಟೋಳು ಈ ಸೀಮೇಲಿ ಎಲ್ಲವ್ಳೆ? ಇಲ್ದಿರೋಳ ಮೇಲೆ ಸವತಿ ಮಚ್ಚರ ಪಡ್ತಾರಾ?

...ಈಗ ಯಾಕೆ ಕೈನ ಸೆರಗೊಳಗೆ ಇಟ್ಕೊಂಡೆ? ತೆಗಿ. ತೆಗಿಯೇ...

ಅಯ್ಯೋ ಶಿವನೇ! ಅದಕ್ಕಾ ಎದ್ದೇಳ್ತಿಲ್ಲ? ಹಳೇ ಬೋರ್ಡಲ್ಲಿ ನಿನ್ ಸುಟ್ಟ ಕೈ ಕಂಡ್ರೆ ನಂಗೆ ನಾಚ್ಕೆ ಅಂದ್ಕೊಂಡ್ಯಾ? ಅಲ್ಲ ಕಣೇ, ಅಣ್ಣಮ್ಮನಾಣೆ ಅಲ್ಲ! ಜನ ಕೇಳ್ತಿದ್ರು ಅಷ್ಟೇ. ಅಷ್ಟು ದೊಡ್ಡದಾಗಿ ಕಂಡ್ರೆ ಕೇಳ್ದೆ ಇರ್ತಾರಾ? 'ಯಜಮಾನ್ರೇ, ಆ ಬೆರಳು ಯಾಕೆ ಅಂಗೆ ಅಂಟ್ಕೊಂಡವೆ?' ಅಂತ. ದಿನಾ ನಾಕು ಜನಕ್ಕೆ ನಾನು ಅದೇ ಕತೆ ಹೇಳ್ಬೇಕು. ಬೆಕ್ಕು ಅಟ್ಟದಿಂದ ಹಾರ್ತು, ಪಾತ್ರೆ ಉರುಳ್ತು, ಅವ್ಳು ಕೈ ಅಡ್ಡ ಕೊಟ್ಳು ಅಂತ. ಹೇಳಿ ಹೇಳಿ ಬಾಯಿ ಬಿದ್ದೋಗಿತ್ತು. ಅದಕ್ಕೇ...

ಯಾಕೆ ಬೆಕ್ಕಿನ ಕಡೆ ನೋಡ್ತೀಯಾ? ಪಾಪ, ಅದರ ಪಾಡಿಗೆ ಅದು ಬೂದಿ ಮೇಲೆ ಮಲಗೈತೆ. ಅದೇಯಾ ಕಳ್ಳಬೆಕ್ಕು. ಅವತ್ತು ಅದೇ ತಾನೆ...

...ಅದೇ ಅಲ್ವಾ?

ಅದು... ಅದು ಬಂದಿದ್ದು ಆ ವರ್ಷ ದೀಪಾವಳಿ ಆದ್ಮೇಲೆ. ರಮ್ಯ ಲಂಗದಾಗೆ ಸುತ್ಕೊಂಡು ತಂದ್ಲು, ಕಣ್ಣು ಬಿಟ್ಟಿರ್ಲಿಲ್ಲ. ನಿನ್ ಕೈ ಸುಟ್ಟಿದ್ದು ಅದಕ್ಕೂ ಮುಂಚೆ, ಯುಗಾದಿ ವಾರ. ಆವಾಗ ನಮ್ಮನೇಲಿ ಬೆಕ್ಕೇ ಇರ್ಲಿಲ್ಲ.

ಒಂಬತ್ತು ವರ್ಷ... ಒಂಬತ್ತು ವರ್ಷದಿಂದ ಗೊತ್ತಾ ನಿಂಗೆ? ಅಷ್ಟು ಜನದ ಮುಂದೆ ನಾನು ಬೆಕ್ಕು ಬೆಕ್ಕು ಅಂತಿದ್ರೆ, ಸುಮ್ನೆ ಸಾರು ಬಡಿಸ್ಕೊಂಡು ಇದ್ಬುಟ್ಯಾ?

ಮಾತಾಡೇ. ಬೈದಾದ್ರೂ ಬೈಯಿ.

ಹೌದು. ಬೆಕ್ಕಲ್ಲ. ಪಾತ್ರೆ ಅಲ್ಲಾಡ್ದಂಗೆ ಕವೆಗೋಲು ಕಾಲಲ್ಲಿ ಅದುಮ್ಕೊಂಡು ಕೂತಿರು ಅಂದಿದ್ದೆ ನೀನು. ಅಷ್ಟೇ ಕೆಲ್ಸ ನಂದು. ಬಾಗ್ಲಲ್ಲಿ ಯಾರೋ ಕೂಗಿದ್ರು. ನಾನು ದೊಡ್ಡ ಓಟ್ಲು ಸಾವ್ಕಾರ ನೋಡು, 'ಬನ್ನಿ ಬನ್ನಿ' ಅಂತ ಕಾಲು ಎತ್ತಿಬುಟ್ಟೆ. ನನ್ ತೊಡೆ ಮೇಲೆ ಬೀಳೋ ಪಾತ್ರೆನ ನೀನು ಬರಿಗೈಯಲ್ಲಿ ತಡೆದೆ. ನಾನು ಕಾಲೆತ್ತಿದ್ದು ಹೊಗೇಲಿ ನಿಂಗೆ ಕಾಣ್ಲಿಲ್ಲ ಅಂದ್ಕೊಂಡಿದ್ದೆ... ಅದಕ್ಕೇ ಅವತ್ತಿಂದ ಕವೆಗೋಲು ನೀನೇ ಅದುಮ್ಕೊಂಡು, ನೀನೇ ತೊಳಸ್ತೀಯಾ. ಸೊಂಟ ಹಿಡ್ಕೊಂಡಾಗ್ಲೂ ನನ್ನ ಕರೀಲಿಲ್ಲ.

ನಿನ್ ಕೈ ನೋಡಿ ನಾಚ್ಕೆ ಅಲ್ಲ ಕಣೇ. ಬೆಳಿಗ್ಗೆ ಬಾಗ್ಲು ತೆಗೆದ್ರೆ ಆಳೆತ್ತರಕ್ಕೆ ಅದೇ ಕೈ. ಎಲ್ಲರಿಗೂ ಮುದ್ದೆ ಕಾಣೋದು, ನಂಗೆ ನನ್ ಕಾಲು ಕಾಣೋದು.

ಹಳೇ ಬೋರ್ಡು ಬಿಸಾಕಿಲ್ಲ. ಹಿತ್ಲಲ್ಲೇ ಐತೆ, ಗೋಣಿ ಮುಚ್ಚಿಟ್ಟಿದ್ದೀನಿ. ಸಾಯಂಕಾಲ ಭೈರೇಶನ್ನ ಕರ್ಸಿ ಅದನ್ನೇ ಕಟ್ಟಿಸ್ತೀನಿ. ಯಾರಾದ್ರೂ ಕೇಳಿದ್ರೆ... ಇದ್ದಿದ್ದೇ ಹೇಳ್ತೀನಿ, ಬಿಡು.

...ಎದ್ಯಾ? ಅಬ್ಬಾ! ಎಸ್ರಿಗೆ ಇನ್ನೊಂದು ಚೊಂಬು ನೀರು ಹಾಕ್ಲಾ? ...ಏನಿದು? ಕವೆಗೋಲು ನನ್ ಕಡೆಗ್ಯಾಕೆ ತಳ್ತೀಯಾ?

...ನಾನಾ?

ತಾಳು, ಪಂಚೆ ಎತ್ತಿ ಕಟ್ಕೊಂತೀನಿ. ಹೂಂ... ಕೂತೆ. ಹಾಕು ಹಿಟ್ಟು.

ಚಿನ್ನಸ್ವಾಮಿ ಕೂಗ್ತಾವ್ನೆ ಬಾಗ್ಲಲ್ಲಿ... ಕೂಗ್ಲಿ ಬಿಡು. ನೀನು ತೊಳಸು.